ರಾಗಿಮೂಟೆಯ ಟ್ರಯಲ್ ರನ್

"ಗುಂತಕಲ್ಲಿನ ತನಕ ರೈಲು ಬಿಡೋನಿಗೆ ಯಶವಂತಪುರದ ತನಕ ಒಂದು ಕುರ್ಚಿ ಬಿಡೋಕಾಗಲ್ವೇನೇ?" ಎಂದು ಜಯಸಿಂಹ ಹೆಂಡತಿಗೆ ಹೇಳಿದ್ದು ದಸರೆಯಲ್ಲಿ. ಈಗ ಸಂಕ್ರಾಂತಿ ಬಾಗಿಲಿಗೆ ಬಂದಿತ್ತು. ರೈಲು ಬಿಡುವವನು ಎಂದರೆ ಆತ ಇಂಜಿನ್ ಓಡಿಸುವವನೇನಲ್ಲ. ರೈಲ್ವೆ ಕಚೇರಿಯಲ್ಲಿ ಕುಳಿತು ಯಾವ ಗಾಡಿ ಯಾವಾಗ ಹೊರಡಬೇಕೆಂದು ಗೆರೆ ಎಳೆಯುವ ಗುಮಾಸ್ತ. ಎಳೆದೂ ಎಳೆದೂ, ತಾನು ಗೆರೆ ಎಳೆಯದೆ ಜಗತ್ತಿನಲ್ಲಿ ಹುಲ್ಲುಕಡ್ಡಿಯೂ ಅಲುಗಬಾರದು ಎಂಬ ನಂಬಿಕೆ ಅವನಿಗೆ ಬಂದುಬಿಟ್ಟಿತ್ತು.

ಅಲುಗಬೇಕಾಗಿದ್ದವಳು ಪಂಕಜಾ. ಮೂರು ವರ್ಷದ ಹಿಂದೆ ಹಪ್ಪಳ ಒಣಹಾಕಲು ತಾರಸಿ ಹತ್ತಿದವಳು ಕೆಳಗೆ ಬಿದ್ದು ಬೆನ್ನುಮೂಳೆ ಮುರಿದುಕೊಂಡಳು. ಅಂದಿನಿಂದ ಗಾಲಿಕುರ್ಚಿ, ಸಹಕಾರನಗರದ ಮನೆ, ಒಂದು ಕಿಟಕಿ, ಇಷ್ಟೇ ಅವಳ ಪ್ರಪಂಚ. ತಾಯಿ ಗೋದಮ್ಮ ಯಶವಂತಪುರದಲ್ಲಿ ಮಗ ಉಪೇಂದ್ರನ ಮಹಡಿ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಕಣ್ಣು ಹೋಗಿತ್ತು. ಯುಗಾದಿ ಕಾಣುವುದು ಕಷ್ಟ ಎಂದು ಡಾಕ್ಟರು ಹೇಳಿಯಾಗಿತ್ತು. ಮಗಳನ್ನು ಒಂದು ಸಲ ಮುಟ್ಟಿ ನೋಡಬೇಕು ಎಂಬುದೊಂದೇ ಮುದುಕಿಯ ಆಸೆ. ಉಪೇಂದ್ರನೋ, ತಾಯಿಯನ್ನು ಕರೆತರುವುದಿರಲಿ, ತಂಗಿಯ ಮನೆಗೆ ತಾನೂ ತಲೆಹಾಕಿದವನಲ್ಲ. ಕೇಳಿದರೆ, ನಿಮ್ಮ ಕಡೆಗೆ ನೇರ ಬಸ್ಸೇ ಇಲ್ಲವಲ್ಲ ಎನ್ನುತ್ತಿದ್ದ.

ಜಯಸಿಂಹ ಕೈಕಟ್ಟಿ ಕುಳಿತಿರಲಿಲ್ಲ. ಗಾಲಿ ಸಿಕ್ಕಿಕೊಳ್ಳುತ್ತದೆಯೇ ಎಂದು ಕೊಡಿಗೇಹಳ್ಳಿ ಗೇಟಿನ ಹಳಿಗಳ ಸಂದನ್ನು ಟೇಪು ಹಿಡಿದು ಅಳೆದ. ಗೇಟಿನವನು ಬೈದು ಎಬ್ಬಿಸಿದ. ಆಟೋ ತರಿಸಿ ನೋಡಿದ. ಮಡಚಲು ಬಾರದ ಆ ಕುರ್ಚಿ ಒಳಗೆ ಹೋದರೆ ಹೆಂಡತಿ ಹೊರಗೆ, ಹೆಂಡತಿ ಒಳಗೆ ಹೋದರೆ ಕುರ್ಚಿ ಹೊರಗೆ. ರೈಲಿಗೆ ಹತ್ತಿಸೋಣವೆಂದರೆ ಅದರ ಮೆಟ್ಟಿಲಿಗೇ ಎರಡು ಗಟ್ಟಿ ಕಾಲು ಬೇಕು. ಕೊನೆಗೆ ಅಲ್ಲಾಳಸಂದ್ರದಿಂದ ಯಶವಂತಪುರಕ್ಕೆ ಹೂವು ಸಾಗಿಸುವ ಲಕ್ಕಣ್ಣನ ಟೆಂಪೊ ಗೊತ್ತಾಯಿತು. ಹಾಗಾದರೆ ನಾಳೆಯೇ ಹೋಗೋಣ ಎಂದಳು ಪಂಕಜಾ. ನಾಳೆ ಟ್ರಯಲ್ ರನ್ ಎಂದ ಜಯಸಿಂಹ. ಹೊಸ ಹಳಿಯ ಮೇಲೆ ಮೊದಲು ಗೂಡ್ಸ್ ಬಿಡಬೇಕು, ಪ್ಯಾಸೆಂಜರ್ ಆಮೇಲೆ!

"ನನ್ನನ್ನೂ ಗೂಡ್ಸೇ ಅಂದ್ಕೊಳ್ರೀ. ಎತ್ತಿಡೋ ಸಾಮಾನು ತಾನೆ?" ಎಂದಳು ಪಂಕಜಾ.

ಅವನು ನಕ್ಕ. ಅವಳು ನಗಲಿಲ್ಲ.

ಬೆಳಿಗ್ಗೆ ಹೆಂಡತಿಯನ್ನು ನಡುಮನೆಯ ಚಾಪೆಯ ಮೇಲೆ ಕೂರಿಸಿ, ಮುಂದೆ ಒಂದು ರಾಶಿ ಅವರೆಕಾಯಿ ಸುರಿದು, ಅವಳ ತೂಕದ ರಾಗಿಮೂಟೆಯನ್ನು ಗಾಲಿಕುರ್ಚಿಗೆ ಏರಿಸಿದ. ಮೂಟೆ ಜಾರಿತು, ಹಗ್ಗ ಹಾಕಿ ಬಿಗಿದ. ತೂತಿನಿಂದ ರಾಗಿ ಸುರಿಯಿತು. ಒಣಹಾಕಿದ್ದ ಪಂಕಜಳ ಹಸಿರು ಸೀರೆ ಎಳೆದು ಸುತ್ತಿದ. ಟೆಂಪೊದಲ್ಲಿ ಜಾಗ ಸಾಲದೆ ಲಕ್ಕಣ್ಣ ಸೇವಂತಿಗೆ ಹಾರಗಳನ್ನು ಮೂಟೆಯ ಕೊರಳಿಗೇ ಹಾಕಿ, ಗಾಡಿಯ ದೇವರಿಗೆಂದು ಊದುಬತ್ತಿ ಹಚ್ಚಿದ. ಹಚ್ಚಿದವನು ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ.

"ಸಾಮಿ, ಇದ್ಯಾಕೋ ಸರಿಗಾಣಕಿಲ್ಲ. ನಮ್ಮೋರಲ್ಲಿ ಎಣಾನ ಇಂಗೇ ಕುಂಡ್ರಿಸಿ ಕಟ್ಟಿ ಊವ ಆಕದು."

"ನಮ್ಮಲ್ಲಿ ಮಲಗ್ಸೋದು ಕಣಯ್ಯ. ನೀನು ಗಾಡಿ ಬಿಡು."

ಗಾಡಿ ಹೊರಟಿತು. ಚಳಿಗೆ ತಲೆಗೊಂದು ಟವೆಲ್ ಸುತ್ತಿ, ಮೂಟೆಯ ಹೆಗಲು ತಬ್ಬಿ ಜಯಸಿಂಹ ಹಿಂದೆ ಕುಳಿತಿದ್ದ. ದಾರಿಯಲ್ಲಿ ಸೈಕಲ್ಲಿನವರು ಇಳಿದು ನಿಂತರು. ಒಬ್ಬ ಮುದುಕ ಚಪ್ಪಲಿ ಕಳಚಿ ಕೈಮುಗಿದ. ಅಚ್ಚುಕಟ್ಟಾದ ಪ್ರಯಾಣಕ್ಕೆ ಜನ ಕೊಡುವ ಮರ್ಯಾದೆ ಇದು ಎಂದುಕೊಂಡು ಜಯಸಿಂಹ ಬೀಗಿದ. ಉಪೇಂದ್ರನ ಮನೆಯ ಕೆಳಗೆ ಗಾಡಿ ನಿಂತಿತು. ಮಹಡಿಯ ಮೆಟ್ಟಿಲು ಕಡಿದು, ಇಕ್ಕಟ್ಟು, ಮಧ್ಯದಲ್ಲಿ ತಿರುವು ಬೇರೆ. ಜಯಸಿಂಹನ ಮುಖ ಇಳಿಯಿತು. ತಲೆಯಾಡಿಸಿ, ಗಾಡಿ ತಿರುಗಿಸಲು ಸನ್ನೆ ಮಾಡಿದ. ಟ್ರಯಲ್ ಎಂದರೆ ಟ್ರಯಲ್, ಹತ್ತಿ ಅತ್ತೆಯನ್ನು ಮಾತಾಡಿಸುವ ಪ್ರಶ್ನೆಯೇ ಇಲ್ಲ.

ಆಮೇಲೆ ತಿಳಿದದ್ದೇನೆಂದರೆ, ಕೆಳಗಿನ ದಿನಸಿ ಅಂಗಡಿಯ ಮುನಿಆಂಜಿನಪ್ಪ ಎಲ್ಲವನ್ನೂ ನೋಡುತ್ತಿದ್ದ. ಪಾಪ, ಮಗಳನ್ನು ತಾಯಿಗೆ ಕಡೇ ಸಲ ತೋರಿಸಲು ತಂದವರು ಮೆಟ್ಟಿಲು ನೋಡಿ ಹಾಗೇ ವಾಪಸ್ಸು ಒಯ್ದರು ಎಂದು ಹೇಳಲು ಅವನು ತಕ್ಕಡಿ ಬಿಟ್ಟು ಮಹಡಿಗೆ ಓಡಿದ್ದ.

ಇತ್ತ ಇವರು ಹೂವು ಇಳಿಸಿ, ಕಾಫಿ ಕುಡಿದು, ಗೇಟಿನಲ್ಲಿ ಗೂಡ್ಸ್ ಗಾಡಿಗಾಗಿ ಕಾದು (ಆ ಗೂಡ್ಸಿನ ಗೆರೆ ಎಳೆದವನೂ ಜಯಸಿಂಹನೇ) ಮನೆ ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಒಂದು ಅಂಬಾಸಿಡರ್ ಕಾರು ನಿಂತಿತ್ತು. ಅದರ ನೆತ್ತಿಯ ಮೇಲೆ ಎರಡು ಹಸಿ ಬಿದಿರು. ಹೊಸಿಲ ಹೊರಗೆ ಚಪ್ಪಲಿಗಳ ರಾಶಿ.

ಜಯಸಿಂಹ ಟೆಂಪೊದಿಂದ ಧುಮುಕಿದ. ಪಂಕಜಳನ್ನು ಒಬ್ಬಳನ್ನೇ ಬಿಟ್ಟು, ಅವಳ ಕುರ್ಚಿಯನ್ನೂ ತಾನೇ ಹೊತ್ತೊಯ್ದಿದ್ದ. ಕೂಗಿದ್ದಳೋ, ತೆವಳಿದ್ದಳೋ. ಆ ಕ್ಷಣದಲ್ಲಿ ಅವನಿಗೆ ಯಾವ ಗೆರೆಯೂ ಹೊಳೆಯಲಿಲ್ಲ. ಅಳುತ್ತಲೇ ಒಳಗೆ ನುಗ್ಗಿದ.

ಪಂಕಜಾ ಚಾಪೆಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದಳು. ಸುತ್ತ ಉಪೇಂದ್ರ, ಅವನ ಹೆಂಡತಿ, ಇಬ್ಬರು ಚಿಕ್ಕಪ್ಪನ ಮಕ್ಕಳು. ಅತ್ತು ಬಂದವರಿಗೆ ಈಗೇನು ಮಾಡಬೇಕೆಂದು ತಿಳಿಯದೆ ಅವರೂ ಸುಲಿಯುತ್ತಿದ್ದರು. ಬಾಗಿಲಲ್ಲಿ ಹಾರ ಹಾಕಿಕೊಂಡ ಮೂಟೆ ಕಂಡದ್ದೇ ಉಪೇಂದ್ರ ತಂಗಿಯ ಗಂಡನ ಮೇಲೆ ಹರಿಹಾಯ್ದ. ಪಂಕಜಾ ಅಣ್ಣನ ಮಾತನ್ನು ಅರ್ಧಕ್ಕೇ ತಡೆದಳು.

"ನೇರ ಬಸ್ ಇರ್ಲಿಲ್ವಲ್ಲ ಅಣ್ಣ, ಹೇಗ್ ಬಂದೆ?" ಎಂದಳು. ಅವನು ಅವರೆಕಾಯಿ ನೋಡಿದ. "ಅಮ್ಮ ಎಲ್ಲಿ?" ಎಂದು ಅವಳೇ ಮತ್ತೆ ಕೇಳಿದಳು.

ಉತ್ತರ ಹೇಳಿದ್ದು ಅತ್ತಿಗೆ. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ಸ್ನಾನ ಆಗಲೇಬೇಕಲ್ಲ, ತಲೆಗೆ ನೀರು ಹಾಕಿ ಕೂರಿಸಿ ಬಂದೆವು, ಕಾರಿನಲ್ಲಿ ಜಾಗವೂ ಇರಲಿಲ್ಲ, ಅವರಿಗೆ ಮೆಟ್ಟಿಲು ಇಳಿಯಲೂ ಆಗುವುದಿಲ್ಲ ಎಂದರು. ಈ ಚಳಿಯಲ್ಲಿ ತಣ್ಣೀರೇ ಎಂದು ಪಂಕಜಾ ಕೇಳಿದಳು. ಒಲೆ ಹಚ್ಚಲು ಹೊತ್ತೆಲ್ಲಿತ್ತು ಎಂದರು ಅತ್ತಿಗೆ.

ಜಯಸಿಂಹ ಗಂಟಲು ಸರಿಮಾಡಿಕೊಂಡ. ಮೆಟ್ಟಿಲಿನ ತಿರುವು ಕಷ್ಟದ್ದು, ನಾಳಿದ್ದು ಇನ್ನೊಂದು ಟ್ರಯಲ್ ಮಾಡಿ ನೋಡಿ ಆಮೇಲೆ ಎಂದು ಶುರುಮಾಡಿದ.

"ಮೂಟೆ ಇಳ್ಸಿ," ಎಂದಳು ಪಂಕಜಾ. ಆಮೇಲೆ ಎಲ್ಲರ ಮುಖ ನೋಡಿದಳು. "ನೀವೆಲ್ಲ ನನ್ನ ಹೊರೋಕೆ ತಾನೆ ಬಂದಿದ್ದು? ಹೊರಿ."

ಹೊತ್ತರು. ಚಟ್ಟಕ್ಕೆಂದು ತಂದ ಬಿದಿರನ್ನೇ ಲಕ್ಕಣ್ಣ ಕುರ್ಚಿಯ ಕೆಳಗೆ ಅಡ್ಡ ಕಟ್ಟಿ, ಟೆಂಪೊ ಮತ್ತೆ ಹೊರಡಿಸಿದ. ಯಶವಂತಪುರದ ಆ ಮೆಟ್ಟಿಲಿನಲ್ಲಿ ಮುಂದೆ ಉಪೇಂದ್ರ, ಹಿಂದೆ ಜಯಸಿಂಹ, ಉಳಿದೆರಡು ಹೆಗಲು ಚಿಕ್ಕಪ್ಪನ ಮಕ್ಕಳದು. ಮೂರು ತಿಂಗಳು ಅಳೆದಿದ್ದ ದಾರಿ ಯಾವ ಗೆರೆಯೂ ಇಲ್ಲದೆ ಮುಗಿದುಹೋಯಿತು.

ಗೋದಮ್ಮ ಒದ್ದೆ ತಲೆಯಲ್ಲಿ ಗೋಡೆಗೊರಗಿ ನಡುಗುತ್ತಿದ್ದರು. ಪಂಕಜಾ ಬಾಗಿ ಸೆರಗಿನಿಂದ ಅವರ ಕೂದಲು ಒರೆಸತೊಡಗಿದಳು. ಮುದುಕಿಯ ಕೈ ತಡವುತ್ತ ಬಂದು ಮೊದಲು ಬಿದಿರನ್ನು ಮುಟ್ಟಿತು, ಕುರ್ಚಿಗೆ ಅಂಟಿ ಉಳಿದಿದ್ದ ಸೇವಂತಿಗೆಯನ್ನು ಮುಟ್ಟಿತು, ಕೊನೆಗೆ ಮಗಳ ಕೆನ್ನೆ ಸಿಕ್ಕಿತು. ಅಲ್ಲೇ ನಿಂತಿತು.

"ಸತ್ತ ಮೇಲಾದ್ರೂ ಕರ್ಕೊಂಡ್ ಬಂದ್ರಲ್ಲ ನಿನ್ನ," ಎಂದರು.