ಅಟ್ಟಕ್ಕೆ ಹೋಗದ ಉಡುಗೊರೆ

ನಮ್ಮ ಕಡೆ ಮದುವೆಯ ಊಟದ ಬಗ್ಗೆ ಜನ ಒಂದು ವಾರ ಮಾತಾಡುತ್ತಾರೆ. ತಾಂಬೂಲದ ಜೊತೆ ಏನು ಕೊಟ್ಟರು ಎಂಬುದರ ಬಗ್ಗೆ ಆ ದಂಪತಿಗೆ ಮೊಮ್ಮಕ್ಕಳಾಗುವವರೆಗೂ ಮಾತಾಡುತ್ತಾರೆ. ನಂಜನಗೂಡಿನ ಪೇಟೆ ಬೀದಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿರುವ ನನ್ನ ಕಿವಿಗೆ ಇಂಥ ಮಾತು ಬೀಳದ ದಿನವಿಲ್ಲ. ಗಿರಾಕಿ ಇಲ್ಲದಾಗ ನಾನು ಗಲ್ಲಾದ ಹಿಂದೆ ಕೂತು ಪುಸ್ತಕ ಓದುತ್ತೇನೆ. ಯಾರಾದರೂ ಬಂದು, "ಮದುವೆಗೆ ಬಂದೋರ್ಗೆ ಕೊಡೋಕೆ ಏನಾದ್ರೂ ತೋರ್ಸಿ" ಎಂದರೆ, ಓದುತ್ತಿದ್ದ ಪುಟಕ್ಕೆ ಬೆರಳಿಟ್ಟುಕೊಂಡೇ ಕೈಗೆ ಸಿಕ್ಕಿದ್ದನ್ನು ತೋರಿಸಿ, "ಈಗ ಎಲ್ಲರೂ ಇದನ್ನೇ ಕೊಡೋದು" ಎನ್ನುತ್ತೇನೆ.

ಹೋದ ವರ್ಷ ಟಿ. ನರಸೀಪುರದ ಹುಡುಗನ ಜೊತೆ ನನ್ನ ಮಗಳ ಮದುವೆ ನಿಶ್ಚಯವಾಯಿತು. ಹೆಂಡತಿ ಒಂದೇ ಷರತ್ತು ಹಾಕಿದಳು: "ನಾವು ಕೊಟ್ಟಿದ್ದನ್ನ ಬಂದೋರು ಬಳಸ್ಬೇಕು. ಅಟ್ಟಕ್ಕೆ ಹೋಗ್ಬಾರ್ದು, ಇನ್ನೊಬ್ರ ಮದುವೆಗೂ ಹೋಗ್ಬಾರ್ದು. ಊರಿಗೆಲ್ಲ ಮಾರೋರು, ತಮ್ಮ ಮಗಳ ಮದುವೇಲಿ ಏನ್ ಕೊಟ್ರು ಅಂತ ಎಲ್ಲರೂ ನೋಡೇ ನೋಡ್ತಾರೆ."

ಅಟ್ಟದ ಪರೀಕ್ಷೆ

ಜನ ಯಾವುದನ್ನು ಬಳಸುವುದಿಲ್ಲ ಎಂದು ಮೊದಲು ತಿಳಿಯಬೇಕು ಎಂದಳು. ಅದಕ್ಕಾಗಿ ನಮ್ಮ ಅಟ್ಟದಲ್ಲಿ ಬಿದ್ದಿದ್ದ ಮದುವೆ ಮನೆಗಳ ಉಡುಗೊರೆಗಳನ್ನೆಲ್ಲ ನನ್ನಿಂದ ಇಳಿಸಿದಳು. ಮುಚ್ಚಳ ಕೂರದ ಡಬ್ಬಿ, ಒಂದು ಹೂವೂ ಹಿಡಿಸದ ಹೂಬುಟ್ಟಿ, ಎತ್ತಿದರೆ ಹಿಡಿ ಮಾತ್ರ ಮೇಲೆ ಬರುವ ಕುಂಕುಮದ ಭರಣಿ, ಮೂತಿ ಸೊಟ್ಟಗಿರುವ ನವಿಲಿನ ದೀಪ. ಹೆಂಡತಿ ಆ ನವಿಲನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದಕ್ಕೆ ಎಣ್ಣೆ ಹಾಕಿದ್ರೆ ಕಾಲಿನಿಂದ ಸೋರತ್ತೆ. ಇಂಥದನ್ನ ಮಾರೋಕೆ ಯಾವ ಪುಣ್ಯಾತ್ಮನಿಗೆ ಮನಸ್ಸು ಬಂತೋ!"

ನಾನು ಏಣಿಯ ಮೇಲಿದ್ದೆ. ಅಲ್ಲೇ ಉಳಿದೆ.

ಅವಳು ನವಿಲನ್ನು ತಲೆಕೆಳಗು ಮಾಡಿದಳು. ತಳದಲ್ಲಿ ನಮ್ಮ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಆಮೇಲೆ ಒಂದೊಂದನ್ನೂ ತಲೆಕೆಳಗು ಮಾಡುತ್ತ ಹೋದಳು. ಕೊನೆಗೆ, "ಇಳೀರಿ, ಅಂಗಡೀಲಿರೋದು ಯಾವುದೂ ಬೇಡ" ಎಂದಳು.

ಬೀಗರ ಹೆಗಲು

ನನಗೆ ಬದನವಾಳಿನ ಖಾದಿ ಟವಲು ಹೊಳೆಯಿತು. ಸರಳ, ಬಾಳಿಕೆ ಬರುತ್ತದೆ, ಎಲ್ಲರಿಗೂ ಬೇಕಾದದ್ದು. ಒಂದನ್ನು ತಂದು ಹುಡುಗನ ತಂದೆಗೆ ತೋರಿಸಿದೆ. ಅವರು ಅದನ್ನು ಮುಟ್ಟಿ, ಎಳೆದು, ಮುಖ ಒರೆಸಿ ನೋಡಿದರು.

"ಬಟ್ಟೆ ಬೋ ಚೆಂದಾಗದೆ ಬೀಗ್ರೇ. ಧಾರೆ ದಿವ್ಸ ನಂಗೂ ಇಂಥದ್ನೇ ಒದಿಸ್ತೀರಾ?"

"ನಿಮಗೆ ಜರಿ ಅಂಚಿನದು."

"ದೂರ್ದಲ್ ಕುಂತೋರ್ಗೆ ಅಂಚು ಕಾಣ್ತದಾ? ಬೀಗ್ರಿಗೆ ಅಂತ ಒದ್ಸೋ ಟವಲ್ಲ ಊರ್ಗೆಲ್ಲಾ ಒದಿಸ್ಬುಟ್ರೆ ಎಂಗೆ? ಎಲೆ ಎತ್ತೋನ್ ಎಗಲ್ ಮ್ಯಾಲೂ ಟವಲ್ಲು, ನನ್ ಎಗಲ್ ಮ್ಯಾಲೂ ಟವಲ್ಲು. ಗಂಡಿನ್ ಅಪ್ಪ ನಾನೇ ಅಂತ ಕತ್ಗೆ ಬೋರ್ಡ್ ತಗಲಾಕ್ಕೊಳ್ಳಾ?"

ಟವಲಿನ ಮಾತು ಅಲ್ಲಿಗೆ ನಿಂತಿತು. ಅವರು ಹೊರಟಾಗ ನೋಡಿದೆ. ತೋರಿಸಲು ತಂದಿದ್ದ ಟವಲು ಅವರ ಹೆಗಲ ಮೇಲೆಯೇ ಇತ್ತು.

ಗಾಳಿ ಬರುವ ಪುಸ್ತಕ

ಪುಸ್ತಕ ಕೊಡೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು, "ಅಪ್ಪಾ, ಹೆಡತಲೆ ಮದುವೆ ಮರೆತ್ಹೋಯ್ತಾ?" ಎಂದಳು.

ಮರೆತಿರಲಿಲ್ಲ. ಹೆಡತಲೆಯಲ್ಲಿ ನನ್ನ ಸ್ನೇಹಿತರಾದ ಒಬ್ಬ ಮೇಷ್ಟ್ರು, ಮಗನ ಮದುವೆಯಲ್ಲಿ ಬಂದವರಿಗೆಲ್ಲ ಬಾಗಿಲಲ್ಲೇ ತೆಳ್ಳನೆಯ ವಚನದ ಪುಸ್ತಕ ಕೊಟ್ಟಿದ್ದರು. ಬೇಸಗೆ. ಮುಹೂರ್ತದ ಹೊತ್ತಿಗೆ ಕರೆಂಟು ಹೋಯಿತು. ನೋಡುನೋಡುತ್ತಿದ್ದಂತೆ ಇಡೀ ಸಭೆ ಪುಸ್ತಕ ಕೈಗೆತ್ತಿಕೊಂಡಿತು. ವೇದಿಕೆಯ ಮೇಲಿದ್ದ ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಮುಂದಿನ ಸಾಲಿನ ಹಿರಿಯರೊಬ್ಬರು ಬೀಸಿಕೊಳ್ಳುತ್ತಲೇ ಕೂಗಿ ಹೇಳಿದರು: "ಮೇಷ್ಟ್ರೇ, ಒಳ್ಳೆ ಕೆಲ್ಸ ಮಾಡಿದ್ರಿ! ರಟ್ಟು ಇನ್ನೊಂಚೂರು ದಪ್ಪ ಆಕ್ಸಿದ್ರೆ ಇನ್ನೂ ಗಾಳಿ ಬರೋದು!"

ಟಿಣ್ಣೆನ್ನದ ಡಬ್ಬಿ

ಅಂಗಡಿಯದು ಬೇಡ ಎಂದು ಹೆಂಡತಿ ಹೇಳಿದ್ದರೂ, ಒಳ್ಳೆಯ ಸ್ಟೀಲ್ ಡಬ್ಬಿಯೊಂದರ ಮೇಲೆ ನನಗಿನ್ನೂ ಆಸೆಯಿತ್ತು. ಅದನ್ನೂ ಒಬ್ಬ ಅಜ್ಜಿ ಮುಗಿಸಿದಳು.

ತಲಕಾಡಿನಲ್ಲಿ ಗಿರಾಕಿಯೊಬ್ಬರ ಮನೆ ಮದುವೆ. ತಾಂಬೂಲಕ್ಕೆ ಆ ಡಬ್ಬಿಯನ್ನೇ ನನ್ನಿಂದ ಕೊಂಡು, ಊಟಕ್ಕೆ ಮುಂಚೆಯೇ ಹಂಚಿದ್ದರು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಚೀಲದಿಂದ ಡಬ್ಬಿ ತೆಗೆದು, ಕಿವಿಯ ಹತ್ತಿರ ಹಿಡಿದು, ಉಗುರಿನಿಂದ ತಟ್ಟಿದಳು. ನಮ್ಮ ಹೆಂಗಸರು ಸ್ಟೀಲಿನ ದಪ್ಪ ನೋಡುವುದೇ ಹಾಗೆ.

"ಟಿಣ್ ಅನ್ನಕ್ಕಿಲ್ವಲ್ಲಾ ಇದು! ಟಪ್ ಅಂತದೆ," ಎಂದಳು. ಎದುರು ಸಾಲಿನವರೂ ತಮ್ಮ ತಮ್ಮ ಡಬ್ಬಿ ತಟ್ಟಿದರು. ಆಚೆ ಸಾಲಿನವರೂ. ಇಡೀ ಊಟದ ಮನೆ ಟಪ್ ಟಪ್ ಎಂದಿತು.

ಅಜ್ಜಿ ನನ್ನ ಕಡೆ ತಿರುಗಿ, "ಯಾವ್ ಅಂಗ್ಡೀದಪ್ಪಾ ಇದು?" ಎಂದು ಕೇಳಿದಳು.

ನಾನು ಪಾಯಸ ಬರುವುದಕ್ಕೆ ಮುಂಚೆಯೇ ಕೈ ತೊಳೆದೆ.

ಸೋರದ ಬ್ಯಾಗು

ಕೊನೆಗೆ ಹೆಂಡತಿಯೇ ಕಂಡುಹಿಡಿದಳು: ಬ್ಯಾಗು. ದಪ್ಪ ಬಟ್ಟೆ, ಗಟ್ಟಿ ಹಿಡಿ. ಹಾಲು ಮೊಸರು ಚೆಲ್ಲಿದರೂ ಸೋರದಂತೆ ಒಳಗೆ ಪ್ಲಾಸ್ಟಿಕ್ ಹಾಳೆ. ಇನ್ನೊಬ್ಬರ ಮದುವೆಗೆ ದಾಟಿಸಲು ಆಗದಂತೆ ಮಗಳು ಅಳಿಯನ ಹೆಸರು ದೊಡ್ಡ ಕೆಂಪಕ್ಷರದಲ್ಲಿ. "ಎರಡೂ ಕಡೆ ಹಾಕ್ಸಿ. ಹೇಗೆ ಹಿಡಿದ್ರೂ ಕಾಣ್ಬೇಕು," ಎಂದಳು.

ಮದುವೆ ನರಸೀಪುರದಲ್ಲಿ ಚೆನ್ನಾಗಿಯೇ ಆಯಿತು. ಇಡೀ ಮಂಟಪದಲ್ಲಿ ತಾವೊಬ್ಬರೇ ಟವಲು ಹೊದ್ದಿದ್ದ ಬೀಗರು ಇಡೀ ದಿನ ನೆಟ್ಟಗೆ ನಿಂತಿದ್ದರು. ತಕರಾರು ಬಂದದ್ದು ಅವರ ಅಣ್ಣನಿಂದ ಮಾತ್ರ. ನಮ್ಮದೂ ಅವರದೂ ಮೊಟ್ಟೆ ಕೂಡ ಒಳಗೆ ಬರದ ಮನೆ. ಈ ಹಿರಿಯರದು ಅದಕ್ಕಿಂತ ಒಂದು ಕೈ ಮೇಲೆ. ಬಡಿಸುವವನನ್ನು ತಡೆದು, "ಸಾರ್ಗೆ ಈರುಳ್ಳಿ ಆಕಿದ್ದೀರಾ?" ಎಂದು ಕೇಳಿ, ಹೌದೆಂದ ಮೇಲೆ ಬರೀ ಮೊಸರನ್ನ ಉಂಡು ಎದ್ದಿದ್ದರು.

ಮದುವೆಯಾದ ಮೇಲೆ ಹೆಂಡತಿಗೆ ಒಂದೇ ಚಿಂತೆ. ನಾನು ಎಲ್ಲಿಗೆ ಹೋಗಿ ಬಂದರೂ, "ನಮ್ಮ ಬ್ಯಾಗು ಯಾರ ಕೈಲಾದ್ರೂ ಕಂಡ್ತಾ?" ಎಂದು ಕೇಳುವಳು. ಎಲ್ಲೂ ಕಂಡಿರಲಿಲ್ಲ. ಅಟ್ಟ ಸೇರಿತೇನೋ ಎಂದು ಅವಳ ಮುಖ ಸಣ್ಣಗಾಗುತ್ತಿತ್ತು.

ಮೊನ್ನೆ ಭಾನುವಾರ ಮಗಳನ್ನು ನೋಡಲು ನರಸೀಪುರಕ್ಕೆ ಹೋದೆ. ಬಸ್ಸಿಳಿದು ಹೊಳೆ ಕಡೆಯ ರಸ್ತೆಯಲ್ಲಿ ನಡೆಯುತ್ತಿದ್ದಾಗ ದೂರದಿಂದಲೇ ಕೆಂಪಕ್ಷರ ಕಂಡಿತು. ಒಂದಲ್ಲ, ಸಾಲಾಗಿ. ಮಗಳು ಅಳಿಯನ ಹೆಸರು ಹೊತ್ತ ಬ್ಯಾಗುಗಳು ಒಂದರ ಹಿಂದೆ ಒಂದು ಮೆಲ್ಲಗೆ ಮುಂದೆ ಸರಿಯುತ್ತಿದ್ದವು. ಸಂತೋಷದಿಂದ ಹತ್ತಿರ ಹೋದೆ.

ಅದು ಮೀನಿನ ಅಂಗಡಿ.

ಮಂಟಪಕ್ಕೆ ಹೂವು ಕಟ್ಟಿದವನಿದ್ದ, ವಾಲಗದವನಿದ್ದ, ಅಳಿಯನ ಸ್ನೇಹಿತರಿದ್ದರು. ಸಾಲಿನ ತುದಿಯಲ್ಲಿ ಬೀಗರ ಅಣ್ಣ ಇದ್ದರು. ನನ್ನನ್ನು ಕಂಡವರೇ ಬ್ಯಾಗನ್ನು ತಟ್ಟನೆ ಮಗ್ಗುಲು ತಿರುಗಿಸಿ ಎದೆಗೆ ಒತ್ತಿಕೊಂಡರು. ಆ ಮಗ್ಗುಲಲ್ಲೂ ನನ್ನ ಮಗಳ ಹೆಸರು ನಗುತ್ತಿತ್ತು.

"ಸೊಪ್ಪಿಗೆ ಬಂದಿದ್ದೆ ಬೀಗ್ರೇ," ಎಂದರು.

ಒಳಗಿಂದ ಮೀನಿನವನು ಕೂಗಿದ: "ಯಜಮಾನ್ರೇ, ನಿಮ್ದು ಕ್ಲೀನ್ ಮಾಡಿ ಮಡಗಿವ್ನಿ! ದಿನಾ ತಕೊಳೋದೇ ತಾನೆ?"

ಅವರು ಆಕಾಶ ನೋಡಿದರು. ನಾನು ಹೊಳೆ ನೋಡಿದೆ.

ಮೀನಿನವನು ನನ್ನನ್ನೂ ಗಿರಾಕಿ ಅಂದುಕೊಂಡ. "ಬ್ಯಾಗ್ ತಂದಿಲ್ವಾ ಸಾ? ಇವ್ರೆಲ್ಲಾ ಇಡ್ಕೊಂಡವ್ರಲ್ಲಾ, ಅಂಥದ್ ಇರ್ಬೇಕು. ಒಂದ್ ತೊಟ್ಟು ಸೋರಕ್ಕಿಲ್ಲ. ಯಾರೋ ಮಹಾನುಭಾವ್ರು ಮೀನಿಗೇಂತ್ಲೇ ಮಾಡ್ಸಿ ಅಂಚವ್ರೆ. ಅವ್ರ್ ಮನೇಲಿ ಇನ್ನೊಂದ್ ಮದ್ವೆ ಅದಾ, ನಿಮ್ಗೇನಾರ ಗೊತ್ತಾ?"

ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಕೇಳಿದಳು: "ಕಂಡ್ತಾ?"

"ಕಂಡ್ತು. ಒಂದೇ ಕಡೆ ಸಾಲಾಗಿ."

ಅವಳ ಮುಖ ಅರಳಿತು. "ನಾನು ಹೇಳಿರ್ಲಿಲ್ವಾ? ಒಳಗೆ ಪ್ಲಾಸ್ಟಿಕ್ ಹಾಕ್ಸಿದ್ದು ಒಳ್ಳೇದಾಯ್ತು ಅಲ್ವಾ?"

"ಅದನ್ನೇ ಹೊಗಳ್ತಾ ಇದ್ರು."

"ಹಾಗಾದ್ರೆ ಮಗನ ಮದುವೆಗೂ ಇದನ್ನೇ ಕೊಡೋಣ."

"ಅಲ್ಲೂ ಅದನ್ನೇ ಕೇಳ್ತಾ ಇದ್ರು," ಎಂದು ಪುಸ್ತಕ ತೆರೆದೆ.