ನಮ್ಮ ಕೆರೆಗೊಂದು ಇಂಗ್ಲಿಷ್ ಪಾಠ

ನಾನು ಕಲಿಸೋದು ಇಂಗ್ಲಿಷ್. ಪರಿಸರದ ಪಾಠಗಳನ್ನೂ ನಮ್ಮ ತಲೆಗೇ ಕಟ್ಟಿದ್ದಾರೆ. ಚನ್ನರಾಯಪಟ್ಟಣದಲ್ಲಿ ಹಿರೀಸಾವೆ ಬಸ್ಸು ಹತ್ತಿ ನಡುವೆ ನಮ್ಮ ಶಾಲೆ ಹತ್ತಿರ ಇಳಿದರೆ ಸಾಕು, ದಿನಾ ಏನಾದರೊಂದು ಕಾದಿರುತ್ತೆ.

೧. ಹಿಮ

ಎಲ್ಲೋ ಹಿಮ ಕರಗುತ್ತಿರುವ ಪಾಠ. ಇದಕ್ಕೆಲ್ಲ ಯಾರು ಕಾರಣ ಅಂತ ಇಂಗ್ಲಿಷಿನಲ್ಲಿ ಕೇಳಿದೆ. "ನಾವೇ ಕಾರಣ" ಅಂತ ಇಡೀ ಕ್ಲಾಸು ಇಂಗ್ಲಿಷಿನಲ್ಲೇ ಖುಷಿಯಾಗಿ ಕೂಗಿತು. ಹೇಳಿದ್ದರ ಅರ್ಥವಾದರೂ ಗೊತ್ತೇನ್ರೋ ಅಂದೆ.

ಮುಂದಿನ ಬೆಂಚಿನವನು ಎದ್ದ. "ಗೊತ್ತು ಮಿಸ್. ಆದ್ರೆ ನಾವೇನೂ ಮಾಡಿಲ್ಲ. ಗೈಡಲ್ಲಿ ಅಂಗೆ ಬರ್ದವ್ರೆ."

೨. ತಾವರೆ

ಗೈಡಿನ ಕಾಟ ತಪ್ಪಲಿ ಅಂತ ಮಕ್ಕಳನ್ನ ಶಾಲೆ ಹಿಂದಿನ ಕೆರೆಗೆ ಕರೆದುಕೊಂಡು ಹೋದೆ. ಹೈವೇ ಹೋಟೆಲಿನ ಟೀ ಕಪ್ಪು, ಸಾಂಬಾರಿನ ಪಾರ್ಸೆಲ್ ಕವರು ದಡದ ತುಂಬ ಬಿದ್ದಿದ್ದವು. ನಾತಕ್ಕೆ ಮೂಗು ಮುಚ್ಚಿಕೊಂಡೇ, ಕಂಡದ್ದನ್ನ ಬರೀರಿ ಅಂದೆ. ಎಲ್ಲರೂ ತಾವರೆ ಹೂವು ಅಂತ ಬರೆದರು.

ನನಗೆ ಮೈಯೆಲ್ಲ ಉರಿಯಿತು. "ಎಲ್ಲಿದೆಯೋ ತಾವರೆ?"

"ಕೆರೆ ಅಂದ್ರೆ ತಾವರೆ ಆಕ್ಲೇಬೇಕು ಮಿಸ್. ಇಲ್ದಿದ್ರೆ ಮಾರ್ಕ್ಸ್ ಕೊಡಾಕಿಲ್ಲ."

ಒಬ್ಬಳು ಮಾತ್ರ ಏನೂ ಬರೆದಿರಲಿಲ್ಲ. ಅದೇ ಹೋಟೆಲಿನ ಯಜಮಾನರ ಮಗಳು. ಅವರ ಮನೆ ಹಸು ಈ ದಡದಲ್ಲೇ ಮೇಯುತ್ತಿತ್ತು. ಹಿಂದಿನ ತಿಂಗಳು ಸತ್ತಿತ್ತು. ಡಾಕ್ಟರು ಕೊಯ್ದು ನೋಡಿದರೆ ಹೊಟ್ಟೆ ತುಂಬ ಕವರು. ಅದು ಯಾರ ಕವರು ಅಂತ ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

"ಪೋಷಕರ ಸಭೇಲಿ ನಾನು ಮಾತಾಡ್ತೀನಿ ಮಿಸ್, ಇಂಗ್ಲಿಷಲ್ಲಿ" ಅಂದಳು.

"ಕನ್ನಡದಲ್ಲೇ ಮಾತಾಡಮ್ಮ, ನಿಮ್ಮಪ್ಪಂಗೂ ಅರ್ಥ ಆಗುತ್ತೆ."

"ಕನ್ನಡದಲ್ಲಿ ಏಳುದ್ರೆ ಬಾಯ್ಮುಚ್ಚು ಅಂತಾರೆ. ಇಂಗ್ಲಿಷಲ್ಲಾದ್ರೆ ಕೂತ್ಕೊಂಡು ಕೇಳ್ತಾರೆ."

೩. ಚಪ್ಪಾಳೆ

ಸಭೆಯ ದಿನ ಯಜಮಾನರು ಇಸ್ತ್ರಿ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದು ಕೂತಿದ್ದರು. ಮಗಳು ತಡವರಿಸದೆ ಎಲ್ಲಾ ಹೇಳಿದಳು: ಕೆರೆ, ಕವರು, ಅಪ್ಪನ ಹೋಟೆಲು, ಹಸು. ನನ್ನ ಕಣ್ಣಲ್ಲಿ ನೀರು ಬಂತು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಯಜಮಾನರೇ. "ಕಂಡ್ರಾ, ನಮ್ಮುಡ್ಗಿ ಇಂಗ್ಲೀಸು!" ಅಂತ ಅಕ್ಕಪಕ್ಕದವರಿಗೆಲ್ಲ ಹೇಳಿದರು. ಅಲ್ಲೇ ವಿಡಿಯೋನ ಸ್ಟೇಟಸ್ಸಿಗೂ ಹಾಕಿಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಅದುನ್ನ ಒಸಿ ಕನ್ನಡದಾಗೆ ಏಳಿ. ಎಲ್ರೂ ಕೇಳ್ಲಿ" ಅಂದರು.

ಮಗಳೇ ಮೈಕು ಹಿಡಿದುಕೊಂಡಳು.

"ಅಪ್ಪಾ, ನಮ್ಮ ಓಟ್ಲು ಕವರು ತಿಂದೇ ನಮ್ಮ ಅಸ ಸತ್ತಿದ್ದು. ಇನ್ಮೇಲೆ ಕೆರೆಗೆ ಸುರೀಬ್ಯಾಡ ಅಂದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಜಮಾನರು ಮೊಬೈಲು ಜೇಬಿಗಿಟ್ಟುಕೊಂಡರು. ಆಮೇಲೆ ಮೆಲ್ಲಗೆ ಅಂದರು:

"ಇಂಗ್ಲೀಸ್ನಾಗೇ ಚೆಂದಾಗಿತ್ತು ಕಣವ್ವ."