ತಾಂಡೂರು ಫರಸಿಯ ಮೇಲೆ ಫೋನು ಬೀಳಕೂಡದು

ಕೈಫೋನು ಕ್ಷೇಮಪಾಲನಾ ಇಲಾಖೆ
(ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರು ವಿಭಾಗ)
ಕಚೇರಿ: ತಾಂಡೂರು, ಎರಡನೇ ಮಹಡಿ. ಲಿಫ್ಟ್ ಇದೆ ಎಂದು ದಾಖಲೆಯಲ್ಲಿದೆ.

ಸುತ್ತೋಲೆ ಸಂಖ್ಯೆ: ಕೈಫೋಕ್ಷೇ/ಬೀಳು/ಒಡೆ/07

ವಿಷಯ: ಇಲಾಖೆಯ ಒಡೆಯದ ಫೋನುಗಳು ಒಡೆಯದಂತೆ ನೋಡಿಕೊಳ್ಳುವ ಬಗ್ಗೆ, ಹಾಗೂ ಮನೂರ್ ಮಂಡಲದ ಹಂಗಾಮಿ ಬೆಳೆ ಎಣಿಕೆದಾರ ಶ್ರೀ ದತ್ತು ಅವರನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಬಗ್ಗೆ.

ಉಲ್ಲೇಖ: (1) ಎಳ್ಳಮಾಸಿಯ (ಎಳ್ಳು ಅಮಾವಾಸ್ಯೆಯ) ದಿನ ಸದರಿ ದತ್ತು ಅವರ ಫೋನಿನಿಂದ ಬಂದ ಆಕಾಶದ ಫೋಟೊ.
(2) ಅವರ ತಾಯಿ ಶ್ರೀಮತಿ ರುಕ್ಮಿಣಿಬಾಯಿ ಅವರು ವಿಚಾರಣೆಯಲ್ಲಿ ಬೈದದ್ದು.
(3) ಈ ಕಚೇರಿಯ ನೆಲ.

ಪ್ರಸ್ತಾವನೆ:

ಹೊಲಹೊಲಕ್ಕೂ ಹೋಗಿ ಬೆಳೆಯ ಫೋಟೊ ತೆಗೆದು ಕಳುಹಿಸುವ ಹಂಗಾಮಿ ನೌಕರರಿಗೆ ಇಲಾಖೆಯು ತಲಾ ಒಂದು ಸ್ಮಾರ್ಟ್‌ಫೋನು ಕೊಟ್ಟಿರುತ್ತದೆ. ಈ ಫೋನು ಒಡೆಯುವುದಿಲ್ಲ. ಕೇಂದ್ರ ಕಚೇರಿಯಲ್ಲಿ ಇದನ್ನು ಹಿರಿಯ ಅಧಿಕಾರಿಗಳ ಸಮಕ್ಷಮದಲ್ಲಿ ಸೋಫಾದ ಮೇಲೆ ಪದೇಪದೇ ಬೀಳಿಸಿ ನೋಡಲಾಗಿದೆ. ಒಡೆಯಲಿಲ್ಲ. ಚಪ್ಪಾಳೆ ತಟ್ಟಲಾಯಿತು. ಹೀಗಿರುವಾಗ ಯಾರದಾದರೂ ಕೈಯಲ್ಲಿ ಫೋನು ಒಡೆದರೆ ಅದು ಕೈಯ ದೋಷವೇ ಹೊರತು ಫೋನಿನದಲ್ಲ ಎಂದು ಎಲ್ಲರ ಗಮನಕ್ಕೆ ತರಲಾಗಿದೆ.

ನೌಕರರ ಹಾಜರಿಯನ್ನೂ ಇದೇ ಫೋನು ಹಾಕುತ್ತದೆ. ಬೆಳಿಗ್ಗೆ ಫೋನು ಮುಖ ನೋಡಿ ಗುರುತು ಹಿಡಿದರೆ ನೌಕರ ಬಂದಿದ್ದಾನೆ, ಹಿಡಿಯದಿದ್ದರೆ ಬಂದಿಲ್ಲ. ಬಂದು ಎದುರಿಗೆ ನಿಂತುಕೊಂಡು ‘ಬಂದೀನ್ರಿ’ ಅನ್ನುವುದಕ್ಕೆ ಯಾವ ಕಾನೂನಿನ ಆಧಾರವೂ ಇಲ್ಲ.

ಆದುದರಿಂದ ಕೆಳಕಂಡ ನಿಯಮಗಳನ್ನು ತಕ್ಷಣದಿಂದ ಜಾರಿಗೆ ತರಲಾಗಿದೆ.

1. ಫೋನು ಬೀಳುವ ಮುನ್ನ ಮೇಲಧಿಕಾರಿಗಳ ಲಿಖಿತ ಅನುಮತಿ ಪಡೆಯತಕ್ಕದ್ದು. ಅನುಮತಿ ಬರುವವರೆಗೆ ಫೋನು ಗಾಳಿಯಲ್ಲಿಯೇ ಇರತಕ್ಕದ್ದು.

2. ತಾಂಡೂರು ಪಟ್ಟಣದಲ್ಲಿ ಮನೆ, ಅಂಗಡಿ, ಬಸ್‌ಸ್ಟ್ಯಾಂಡು, ಕಚೇರಿ ಎಲ್ಲದರ ನೆಲವೂ ಫರಸಿ ಕಲ್ಲಿನದಾಗಿರುವುದು ಇಲಾಖೆಯ ಗಮನಕ್ಕೆ ತಡವಾಗಿ ಬಂದಿದೆ. ಊರೇ ಆ ಕಲ್ಲು ಕಡಿದು ದೇಶಕ್ಕೆಲ್ಲ ಕಳಿಸುತ್ತಿದೆ ಎಂಬುದನ್ನು ಟೆಂಡರ್ ಕರೆಯುವಾಗ ಯಾರೂ ಹೇಳಲಿಲ್ಲ. ಆದ್ದರಿಂದ ಈ ಪಟ್ಟಣದಲ್ಲಿ ಫೋನು ಹೊರತೆಗೆಯುವ ಮೊದಲು ನೌಕರನು ಕಾಲ ಕೆಳಗೆ ಒಂದು ಕೌದಿ ಹಾಸಿಕೊಳ್ಳತಕ್ಕದ್ದು. ಕೌದಿಯನ್ನು ಮನೆಯಿಂದಲೇ ತರಬೇಕು. ನಡೆಯುತ್ತ ಮಾತಾಡುವವರು ಎರಡು ಕೌದಿ ಇಟ್ಟುಕೊಂಡು, ಹಿಂದಿನದನ್ನು ಎತ್ತಿ ಮುಂದೆ ಹಾಸುತ್ತ ಸಾಗಬೇಕು.

3. ಮನೂರಿನಿಂದ ನಾರಾಯಣಖೇಡಕ್ಕೆ ಶೇರ್ ಆಟೊದಲ್ಲಿ ಹೋಗುವಾಗ ಫೋನನ್ನು ಹಿಂದಿನ ಜೇಬಿನಲ್ಲಿಟ್ಟು ಕೂರುವುದನ್ನು ನಿಷೇಧಿಸಲಾಗಿದೆ. ಮುಂದಿನ ಜೇಬಿನಲ್ಲಿಟ್ಟರೆ ಪಕ್ಕದವರ ಮೊಣಕೈ ತಾಗುತ್ತದೆ, ಅದನ್ನೂ ನಿಷೇಧಿಸಲಾಗಿದೆ. ಫೋನಿಗೆ ಒಂದು ಸೀಟು ಬಿಟ್ಟುಕೊಟ್ಟು ನೌಕರನು ಹೊರಗೆ ಜೋತಾಡಿಕೊಂಡು ಹೋಗುವುದು. ಇದು ಈಗಲೂ ರೂಢಿಯಲ್ಲಿರುವುದರಿಂದ ಪ್ರತ್ಯೇಕ ತರಬೇತಿಯ ಅವಶ್ಯಕತೆ ಕಂಡುಬಂದಿಲ್ಲ.

4. ಬೇಸಿಗೆಯಲ್ಲಿ ಫೋನು ಕಾದು ಬಂದ್ ಆಗುತ್ತಿದೆ ಎಂಬ ದೂರುಗಳು ಬಂದಿವೆ. ಪ್ರತಿ ಫೋನಿಗೆ ಒಂದು ಛತ್ರಿ ಮಂಜೂರಾಗಿದೆ. ನೌಕರನು ಛತ್ರಿ ಹಿಡಿದುಕೊಳ್ಳಬಹುದು, ಅದರ ಕೆಳಗೆ ನಿಲ್ಲಕೂಡದು.

5. ಮನೆಯಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುವ ಹೊತ್ತಿನಲ್ಲಿ ಅಡುಗೆಕಟ್ಟೆಯ ಮೇಲಿಟ್ಟ ಫೋನು ಆ ಅದುರಿಗೆ ಸರಿದು ಸರಿದು ಅಂಚಿಗೆ ಬರುವುದು ಕಂಡುಬಂದಿದೆ. ಇನ್ನು ಮುಂದೆ ರೊಟ್ಟಿಯನ್ನು ಸದ್ದಿಲ್ಲದೆ, ಸಮಾಧಾನ ಹೇಳಿ ಅಗಲ ಮಾಡುವುದು.

6. ನೀರು ಬಿದ್ದ ಫೋನನ್ನು ಜೋಳದ ಚೀಲದಲ್ಲಿ ಹುಗಿದಿಡುವ ಪದ್ಧತಿ ಈ ಭಾಗದಲ್ಲಿದೆ. ಫೋನು ಹೊರತೆಗೆದ ಮೇಲೆ ಆ ಜೋಳದಲ್ಲಿ ಸರಕಾರಿ ಮಾಹಿತಿ ಸೇರಿಕೊಂಡಿರುವ ಸಂಭವವಿರುವುದರಿಂದ ಅದನ್ನು ಬೀಸಕೂಡದು, ತಿನ್ನಕೂಡದು, ಕೋಳಿಗೂ ಹಾಕಕೂಡದು. ಈಗಾಗಲೇ ತಿಂದಿರುವ ಕೋಳಿಗಳು ಮಂಡಲ ಬಿಟ್ಟು ಹೋಗಕೂಡದು.

7. ಜಹೀರಾಬಾದಿನ ಮೊಬೈಲ್ ಅಂಗಡಿಗಳಲ್ಲಿ ಗ್ಲಾಸ್ ಅಂಟಿಸುವವರು ಒಳಗೆ ಗುಳ್ಳೆ ಬಿಟ್ಟು ‘ತಾನಾಗೇ ಹೋಗ್ತದ ಭಾಯ್’ ಎಂದು ಹೇಳುತ್ತಿರುವುದು ಇಲಾಖೆಗೆ ತಿಳಿದುಬಂದಿದೆ. ಆ ಗುಳ್ಳೆ ಹೋಗುವವರೆಗೆ ನೌಕರನು ಅಂಗಡಿಯ ಮುಂದೆ ಕಾಯತಕ್ಕದ್ದು. ಇದನ್ನು ರಜೆ ಎಂದು ಪರಿಗಣಿಸಲಾಗುವುದು.

8. ಸಹಾಯವಾಣಿ ಇದೆ. ಮೂರು ಭಾಷೆಗಳಲ್ಲಿ ‘ಎಲ್ಲ ಸಾಲುಗಳೂ ಕಾರ್ಯನಿರತವಾಗಿವೆ’ ಎಂದು ಹೇಳುತ್ತದೆ. ಬೈಗುಳವನ್ನು ಕನ್ನಡದಲ್ಲಿ ಮಾತ್ರ ಸ್ವೀಕರಿಸಲಾಗುವುದು, ಉಳಿದ ಎರಡರಲ್ಲಿ ಈಗಾಗಲೇ ಸಾಕಷ್ಟು ಬಂದಿವೆ.

9. ಶ್ರೀ ದತ್ತು ಅವರ ಪ್ರಕರಣ:

(ಅ) ಎಳ್ಳಮಾಸಿಯಂದು ಸದರಿ ಭಾಗದ ಜನ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗಿ, ಭೂತಾಯಿಗೆಂದು ರೊಟ್ಟಿ, ಭಜ್ಜಿ, ಅಂಬಲಿಯನ್ನು ಕೂಗು ಹಾಕುತ್ತ ಬೆಳೆಯ ಮೇಲೆ ಚೆಲ್ಲುತ್ತಾರೆ. ಇದಕ್ಕೆ ಚರಗ ಎನ್ನುತ್ತಾರಂತೆ. ಅಂದು ಇಲಾಖೆಗೆ ರಜೆ ಇತ್ತು. ಫೋನಿಗೆ ಇರಲಿಲ್ಲ. ದತ್ತು ಅವರು ತಮ್ಮ ಜೋಳದ ಹೊಲದಲ್ಲಿ ಚರಗ ಚೆಲ್ಲುತ್ತಿದ್ದಾಗಲೇ ‘ಕೂಡಲೇ ಬೆಳೆಯ ಫೋಟೊ ಕಳಿಸಿ, ಇಲ್ಲವಾದರೆ ಗೈರುಹಾಜರಿ’ ಎಂದು ಫೋನು ಸೂಚಿಸಿತು. ಅವರು ಎಡಗೈಯಲ್ಲಿ ಚರಗ, ಬಲಗೈಯಲ್ಲಿ ಫೋನು ಹಿಡಿದು, ಕೂಗು ಹಾಕಿ, ಬಲಗೈ ಬೀಸಿದರು.

(ಆ) ಹಾರುವಾಗ ಫೋನು ಒಂದು ಫೋಟೊ ತೆಗೆದು ತಾನಾಗಿಯೇ ಕಚೇರಿಗೆ ಕಳಿಸಿದೆ. ಪರಿಶೀಲಿಸಲಾಗಿ, ಬೆಳೆ: ಇಲ್ಲ. ಆಕಾಶ: ಇದೆ. ಮನೂರ್ ಮಂಡಲದಲ್ಲಿ ಈ ಸಲ ಆಕಾಶ ಬೆಳೆದಿದ್ದಾರೆ ಎಂದು ವರದಿ ಮಾಡಿ, ನಂತರ ಹಿಂಪಡೆಯಲಾಯಿತು.

(ಇ) ತಾಯಿ ರುಕ್ಮಿಣಿಬಾಯಿ ಅವರು ತಮ್ಮ ಹಳೆಯ ಡಬ್ಬಾ ಫೋನಿನಿಂದ ರಿಂಗ್ ಕೊಟ್ಟು, ಸದ್ದು ಹಿಡಿದು ಜೋಳದ ಸಾಲಿನಲ್ಲಿ ಇಲಾಖೆಯ ಫೋನನ್ನು ಹುಡುಕಿದ್ದಾರೆ. ಕಪ್ಪು ಮಣ್ಣಿನಲ್ಲಿ ಬಿದ್ದುದರಿಂದ ಒಡೆದಿರಲಿಲ್ಲ. ಸೆರಗಿನಿಂದ ಒರೆಸಿ ಕೊಟ್ಟ ಮೇಲೆ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿತ್ತು. ಈ ಡಬ್ಬಾ ಫೋನು ಬಾವಿಗೂ ಬಿದ್ದು, ಎತ್ತಿನ ಕಾಲಡಿಗೂ ಸಿಕ್ಕು ಇನ್ನೂ ಒಡೆಯದೇ ಇರುವುದನ್ನು ಇಲಾಖೆಯು ಅಶಿಸ್ತು ಎಂದು ಪರಿಗಣಿಸಿದೆ.

(ಈ) ವಿಚಾರಣೆಯಲ್ಲಿ ಸದರಿ ತಾಯಿಯವರ ಹೇಳಿಕೆಯನ್ನು ಅವರ ಮಾತಿನಲ್ಲಿಯೇ ದಾಖಲಿಸಲಾಗಿದೆ: ‘ನಿಮ್ಮ ಫೋನಿಗಿ ಹಬ್ಬ ಹುಣ್ಣಿಮಿ ಇಲ್ಲೇನ್ರಿ ಸಾಹೇಬ್ರ? ನನ್ನ ಮಗ ಭೂತಾಯಿಗಿ ಉಣಸ್ಲತ್ತಾನ, ಅದು ಟಿಣ್ ಟಿಣ್ ಅಂತದ. ಆಕಿಗಿ ಹಸಿವ್ಯಾ, ನಿಮಗ್ ಹಸಿವ್ಯಾ? ಕೈ ತಪ್ಪಿ ಒಗದಾನ, ಆತು. ಆಕಿ ಉಣ್ಣಲಿಲ್ಲ, ತಿರುಗಿ ಕೊಟ್ಟಾಳ. ಒಂದ್ ಗೆರಿ ಬಿದ್ದಿಲ್ಲ, ನೋಡ್ಕೋರಿ. ಇದಕ್ಕ ನನ್ನ ಮಗನ ನೌಕರಿ ತಗೀತೀರೇನು?’ ಭೂತಾಯಿಯವರಿಂದ ಲಿಖಿತ ಹೇಳಿಕೆ ಬಾರದ ಕಾರಣ ಇದನ್ನು ಒಪ್ಪಲಾಗಿಲ್ಲ.

(ಉ) ನಂತರ ಸತ್ಯಾಂಶ ತಿಳಿಯುವ ಸಲುವಾಗಿ ಘಟನೆಯನ್ನು ಕಚೇರಿಯಲ್ಲಿಯೇ ಮತ್ತೊಮ್ಮೆ ಮಾಡಿ ನೋಡಲು ತೀರ್ಮಾನಿಸಲಾಯಿತು. ಫೋನನ್ನು ಮೇಲಕ್ಕೆ ಎತ್ತಲಾಯಿತು. ಈ ಹಂತದಲ್ಲಿ ದತ್ತು ಅವರು ‘ಬ್ಯಾಡ್ರಿ ಸಾಹೇಬ್ರ, ಕಾಲ್ ಬೀಳ್ತೀನಿ, ಇದು ಹೊಲ ಅಲ್ರಿ, ಕೆಳಗ ಫರಸಿ ಅದ’ ಎಂದು ಅಡ್ಡಿಪಡಿಸಿ ವಿಚಾರಣೆಯ ಘನತೆಗೆ ಕುಂದು ತಂದರು. ಫೋನನ್ನು ಬಿಡಲಾಯಿತು. ಒಡೆಯಿತು.

(ಊ) ಬಿಟ್ಟವರು ಯಾರು ಎಂಬುದು ತಿಳಿದುಬಂದಿಲ್ಲ. ಕೊಠಡಿಯಲ್ಲಿ ಫೋನು ಹಿಡಿದು ನಿಂತಿದ್ದವರು ಉಪನಿರ್ದೇಶಕರೊಬ್ಬರೇ. ಅಟೆಂಡರ್ ಮೈಸಮ್ಮ ಅವರು ‘ಅಯ್ಯ, ಸಾಹೇಬ್ರೇ ಬಿಟ್ರಲ್ರಿ! ಗಾಜು ಬಳದಾಕಿ ನಾನಲ್ಲೇನು?’ ಎಂದಿರುವುದನ್ನು ‘ಸ್ವಚ್ಛತೆ’ ಎಂಬ ಬೇರೆ ಫೈಲಿಗೆ ಸೇರಿಸಲಾಗಿದೆ. ಹೊಲದಲ್ಲಿ ಹೆದರಿದ್ದ ಫೋನು ಕಚೇರಿಗೆ ಬಂದು ಧೈರ್ಯ ಕಳೆದುಕೊಂಡು ಒಡೆದಿರುತ್ತದೆ ಎಂದು ತಾಂತ್ರಿಕ ಅಭಿಪ್ರಾಯ ಪಡೆಯಲಾಗಿದೆ.

(ಋ) ಮರುದಿನ ಬೆಳಿಗ್ಗೆ ಹಾಜರಿಗಾಗಿ ದತ್ತು ಅವರು ಒಡೆದ ಗಾಜಿನ ಮುಂದೆ ಮುಖ ಹಿಡಿದರು. ಸೀಳಿನಲ್ಲಿ ಮೂಗು ಎರಡಾಗಿ ಕಂಡಿದ್ದರಿಂದ ಫೋನು ಗುರುತು ಹಿಡಿಯಲಿಲ್ಲ. ಹಾಗಾಗಿ ಅವರು ಬಂದಿಲ್ಲ. ಬಂದಿಲ್ಲದ ಅವರು ಉಪನಿರ್ದೇಶಕರ ಮೇಜಿನ ಮುಂದೆ ಮಧ್ಯಾಹ್ನದವರೆಗೆ ನಿಂತಿದ್ದರು. ‘ನೀನು ಬಂದಿಲ್ಲ, ಹೊರಗೆ ಹೋಗಿ ಕೂತುಕೋ’ ಎಂದು ಅವರಿಗೆ ಮಾನವೀಯ ದೃಷ್ಟಿಯಿಂದ ತಿಳಿಸಲಾಯಿತು.

10. ಮೇಲಿನ ಎಲ್ಲವನ್ನೂ ಪರಿಶೀಲಿಸಿ, ದತ್ತು ಅವರಿಗೆ ಒಂದು ಕೊನೆಯ ಅವಕಾಶ ನೀಡಲು ಇಲಾಖೆಯು ಉದಾರವಾಗಿ ಒಪ್ಪಿದೆ. ಇಲಾಖೆಯಿಂದ ಅವರ ಫೋನಿಗೆ ಕರೆ ಮಾಡಲಾಗುವುದು. ಎತ್ತಿದರೆ ಕೆಲಸ ಮುಂದುವರಿಯುತ್ತದೆ. ಎತ್ತದಿದ್ದರೆ ಕೆಲಸದಲ್ಲಿ ಆಸಕ್ತಿ ಇಲ್ಲವೆಂದು ತಿಳಿದು ಹೆಸರು ತೆಗೆದುಹಾಕಲಾಗುವುದು. ಸದರಿ ಫೋನನ್ನು ಮಾತ್ರ ಸಾಕ್ಷ್ಯವೆಂದು ಈ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಲಾಗಿದೆ.

11. ಈ ಸುತ್ತೋಲೆ ಅರ್ಥವಾಗದವರು ಅರ್ಥವಾಗಿದೆ ಎಂದು ಬರೆದುಕೊಡತಕ್ಕದ್ದು.

(ಸಹಿ ಇದೆ, ಓದಲು ಬರುವುದಿಲ್ಲ)
ವೈಜಿನಾಥ
ಉಪನಿರ್ದೇಶಕರು (ಬೀಳುವಿಕೆ)
ಪ್ರಭಾರ: ಉಪನಿರ್ದೇಶಕರು (ಒಡೆಯುವಿಕೆ)

ಪ್ರತಿಗಳು:

1. ಕೇಂದ್ರ ಕಚೇರಿಯ ಸೋಫಾ: ಅಭಿನಂದನೆಗಳೊಂದಿಗೆ.

2. ಜಹೀರಾಬಾದ್, ಕೊಹೀರ್, ನಾರಾಯಣಖೇಡ್, ಮನೂರಿನ ಎಲ್ಲ ಹಂಗಾಮಿ ನೌಕರರಿಗೆ: ಒಡೆಯದ ಫೋನಿನ ಮೂಲಕ.

3. ತಾಂಡೂರಿನ ಎಲ್ಲ ನೆಲಗಳಿಗೆ: ಮೆತ್ತಗಾಗುವ ಬಗ್ಗೆ ಸೂಕ್ತ ಕ್ರಮಕ್ಕಾಗಿ.

4. ಭೂತಾಯಿ, ಮನೂರ್ ಮಂಡಲ: ಮುಂದಿನ ಎಳ್ಳಮಾಸಿಯಲ್ಲಿ ಇಲಾಖೆಯ ಅನುಮತಿಯಿಲ್ಲದೆ ಊಟ ಮಾಡದಿರಲು.

5. ಶ್ರೀಮತಿ ರುಕ್ಮಿಣಿಬಾಯಿ: ಡಬ್ಬಾ ಫೋನನ್ನು ವಿಚಾರಣೆಗೆ ಹಾಜರುಪಡಿಸಲು. ಬೀಳಿಸಿ ನೋಡಬೇಕಿದೆ.

6. ಶ್ರೀ ದತ್ತು: ಕಲಂ 10ರಂತೆ ಕರೆ ಮಾಡಲಾಯಿತು. ಬೀರುವಿನೊಳಗೆ ಬಹಳ ಹೊತ್ತು ರಿಂಗಾಯಿತು. ಅವರು ಎತ್ತಲಿಲ್ಲ. ಆ ಸಮಯದಲ್ಲಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ವ್ಯಕ್ತಿಯೊಬ್ಬರು ಓಡಿಬಂದು, ಬೀರುವಿನ ಬಾಗಿಲು ಬಡಿದು, ‘ಸಾಹೇಬ್ರ, ನಂದೇ ರಿ, ನನಗೇ ಫೋನ್ ಬರ್ಲತ್ತದ, ಕೀಲಿ ತಗೀರಿ’ ಎಂದು ಕೂಗಿದ್ದಾರೆ. ಸದರಿ ವ್ಯಕ್ತಿ ಯಾರೆಂದು ತಿಳಿದುಬಂದಿಲ್ಲ.